ಇನ್ನೊಬ್ಬರ ಗಾಡಿಯನ್ನು ನಿಮ್ಮ ಮನೆಗೆ ತರುವುದು: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ನೀವೊಂದು ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಿದ್ದೀರಿ. ಹೊಸ ಗಾಡಿ ಕೊಂಡವರಿಗೆ ಕಂಪನಿಯವರು ದಪ್ಪನೆಯ ಪುಸ್ತಕವೊಂದನ್ನು ಕೊಡುತ್ತಾರೆ, ಅದನ್ನು ಯಾರೂ ಓದುವುದಿಲ್ಲ. ಹಳೇ ಗಾಡಿಯ ಜೊತೆ ಆ ಪುಸ್ತಕ ಬರುವುದೇ ಅಪರೂಪ. ಬಂದರೂ ಬ್ರೇಕ್ ಅಧ್ಯಾಯದ ಮೇಲೆ ಹಿಂದಿನ ಮನೆಯ ಮಗು ಸ್ಕೆಚ್ ಪೆನ್ನಿನಲ್ಲಿ ಆನೆ ಬರೆದಿರುತ್ತದೆ. ಆ ಕೊರತೆ ನೀಗಲೆಂದು ಈ ಕೈಪಿಡಿ. ಇದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಸೀಮೆಗೆ ಮಾತ್ರ ಅನ್ವಯ.

ಬಳಸುವ ಮುನ್ನ ಓದಿ: ಗಾಡಿ ಮನೆಗೆ ಬರುವುದು ಬೇರೆ, ಗಾಡಿ ನಿಮ್ಮದಾಗುವುದು ಬೇರೆ. ಮೊದಲನೆಯದಕ್ಕೆ ಒಂದು ಬೆಳಗ್ಗೆ ಸಾಕು. ಎರಡನೆಯದು ಆರ್‌ಸಿಯಲ್ಲಿ ಹೆಸರು ಬದಲಾದ ದಿನ ಆಗುವಂಥದ್ದು. ಈ ಎರಡು ದಿನಗಳ ನಡುವೆ ನೀವೂ ಮಾರಿದವರೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಒಬ್ಬರು ಸಿಗ್ನಲ್ ಹಾರಿದರೆ ಇನ್ನೊಬ್ಬರ ಮೊಬೈಲ್ ಕುಂಯ್ ಅನ್ನುತ್ತದೆ.

ಲಭ್ಯವಿರುವ ಮಾದರಿಗಳು

ಮಾದರಿ ಎಂದರೆ ಇಲ್ಲಿ ಗಾಡಿಯದಲ್ಲ, ಮಾರುವವರದು. ಗಾಡಿಯ ಗುಣ ಅರ್ಧ ಅಲ್ಲೇ ತಿಳಿಯುತ್ತದೆ.

ವೈಟ್‌ಫೀಲ್ಡ್ ಮಾದರಿಗೆ ವೀಸಾ ಬಂದಿರುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸೋಫಾ, ವಾಷಿಂಗ್ ಮಷೀನು, ಕುಂಡದ ಸಮೇತ ತುಳಸಿಗಿಡ, ಕೊನೆಗೆ ಕಾರು. ‘ಸಿಂಗಲ್ ಓನರ್, ಆಫೀಸಿಗೆ ಮಾತ್ರ ಬಳಸಿದ್ದು’ ಎಂದಿರುತ್ತದೆ. ಹೋಪ್ ಫಾರ್ಮ್‌ನಿಂದ ಬೆಳ್ಳಂದೂರಿಗೆ ದಿನಾ ಆಫೀಸಿಗೆ ಹೋಗಿ ಬಂದ ಕಾರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಮೀಟರ್ ಕಡಿಮೆ ತೋರಿಸುತ್ತದೆ, ಕ್ಲಚ್ ಮಾತ್ರ ಸತ್ಯ ಹೇಳುತ್ತದೆ. ಬೆಲೆಯಲ್ಲಿ ಚೌಕಾಸಿ ಇಲ್ಲ ಎನ್ನುತ್ತಾರೆ, ವಿಮಾನದ ದಿನ ಹತ್ತಿರವಾದಂತೆ ಬೆಲೆ ತಾನಾಗಿ ಇಳಿಯುತ್ತದೆ. ಆದರೆ ಆ ದಿನದವರೆಗೆ ಕಾಯುವ ಜಾಣತನ ಬೇಡ. ವಾಹನ್ ಪೋರ್ಟಲಿನಲ್ಲಿ ವರ್ಗಾವಣೆ ಅರ್ಜಿ ಹಾಕುವಾಗ ಒಟಿಪಿ ಮಾರುವವರ ಮೊಬೈಲಿಗೂ ಹೋಗುತ್ತದೆ. ಅವರು ಅಲ್ಲಿ ಇಳಿದು ಹೊಸ ಸಿಮ್ ಹಾಕಿಕೊಂಡ ಮೇಲೆ ಇಲ್ಲಿನ ಸಿಮ್ ಯಾವ ಡ್ರಾಯರಿನಲ್ಲಿದೆಯೋ ದೇವರೇ ಬಲ್ಲ.

ಎಲೆಕ್ಟ್ರಾನಿಕ್ ಸಿಟಿ ಮಾದರಿಯವರು ಪಿಜಿಯಲ್ಲಿರುವ ಹುಡುಗರು. ಬೈಕು ಮೂರನೇ ಕೈಗೆ ಬಂದಿರುತ್ತದೆ, ಆರ್‌ಸಿ ಇನ್ನೂ ಮೊದಲನೇ ಕೈಯಲ್ಲೇ ಇರುತ್ತದೆ. ಅತ್ತಿಬೆಲೆ ದಾಟಿದರೆ ಹೊಸೂರು. ಅಲ್ಲಿ ಕನ್ನಡಕ್ಕೇನೂ ಬರವಿಲ್ಲ, ವ್ಯಾಪಾರ ಕನ್ನಡದಲ್ಲೇ ಮುಗಿಯುತ್ತದೆ. ನಂಬರ್ ಪ್ಲೇಟು ಮಾತ್ರ ಟಿಎನ್-70. ಅಂಥ ಗಾಡಿಗೆ ಅಲ್ಲಿನ ಆರ್‌ಟಿಓದಿಂದ ಫಾರಂ 28ರ ಎನ್‌ಒಸಿ ಬೇಕು. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರ್ ಹಾಕಿಸಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಹಾಗೆ ಹಾಕಿಸುವಾಗ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಹೊಸ ಕಾರಿಗೆ ಅದು 5 ಲಕ್ಷದೊಳಗೆ ಶೇ. 13, 20 ಲಕ್ಷ ದಾಟಿದರೆ ಶೇ. 18, ಮೇಲೆ ಸೆಸ್; ಹಳೇ ಕಾರಿಗೆ ವಯಸ್ಸು ನೋಡಿ ಇಳಿಸುತ್ತಾರೆ. ದೆಹಲಿ ನಂಬರಿನ ಕಾರು ಅಷ್ಟು ಅಗ್ಗಕ್ಕೆ ಏಕೆ ಸಿಗುತ್ತದೆ ಎಂದು ಕೇಳುವವರಿಗೆ ಉತ್ತರವೂ ಇಲ್ಲೇ ಇದೆ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳಿಗೆ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿದ ಮೇಲೆ ಅವಕ್ಕೆ ದಕ್ಷಿಣವೇ ವೃದ್ಧಾಶ್ರಮ. ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿದ ಮೇಲೂ ಅಗ್ಗವೇ ಆಗಿದ್ದರೆ ಇನ್ನೊಂದು ಸಲ ಲೆಕ್ಕ ಹಾಕಿ.

ಪೀಣ್ಯ ಮಾದರಿಯವರ ಹತ್ತಿರ ಸ್ಪ್ಲೆಂಡರ್ ಇರುತ್ತದೆ. ಲೇತ್ ಮುಂದೆ ನಿಂತು ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೆತ್ತುವ ಕೈ. ಗಾಡಿಯ ಅರ್ಧ ಬೋಲ್ಟುಗಳನ್ನು ಅವರೇ ಮಾಡಿ ಹಾಕಿರುತ್ತಾರೆ, ಅವು ಕಂಪನಿಯದಕ್ಕಿಂತ ಗಟ್ಟಿ. ಈ ಮಾದರಿಯನ್ನು ನಾನು ಕಣ್ಣುಮುಚ್ಚಿ ಶಿಫಾರಸು ಮಾಡುತ್ತೇನೆ. ಆರ್‌ಸಿ ದಿನಾಂಕ ನೋಡುವಾಗ ಮಾತ್ರ ಕಣ್ಣು ತೆರೆದಿರಬೇಕು. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರಿನ ನವೀಕರಣ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿದೆ. ‘ಎಫ್‌ಸಿ ಒಂದು ಮಾಡಿಸ್ಕೊಂಡ್ ಬಿಡಿ ಸಾರ್, ಅಷ್ಟೇ’ ಎಂಬ ಮಾತಿನಲ್ಲಿ ‘ಅಷ್ಟೇ’ ಎಷ್ಟು ಎಂದು ಕೇಳಿಕೊಳ್ಳಿ.

ಪೊಟ್ಟಣ ಬಿಚ್ಚುವ ಕ್ರಮ

ನೋಡಲು ಬರುತ್ತೇನೆಂದು ಹೇಳುವಾಗಲೇ ‘ಸ್ಟಾರ್ಟ್ ಮಾಡಿ ಇಡಬೇಡಿ’ ಎಂದು ಹೇಳಿ. ಹೋದ ತಕ್ಷಣ ನಮಸ್ಕಾರ ಮಾಡುವ ಮೊದಲು ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ಬೆಳಗಿನ ಚಳಿಗೆ ಗಾಡಿ ಕೆಮ್ಮುತ್ತದೆ ಎಂದೇ ತಿಳಿಯಬೇಕು, ನೀವು ಬರುವ ಮುನ್ನ ಅದಕ್ಕೆ ಕಷಾಯ ಕುಡಿಸಿದ್ದಾರೆ.

ಟಯರಿನ ಪಕ್ಕದಲ್ಲಿ ಸಣ್ಣದೊಂದು ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಟಯರಿನ ಅಂಕಿ ಗಾಡಿಯ ವಯಸ್ಸಿಗೆ ಹೊಂದಬೇಕು. ಮೀಟರ್ 22,000 ತೋರಿಸುವ ಗಾಡಿಗೆ ಎರಡನೇ ಸೆಟ್ ಟಯರ್ ಬಂದು, ಅದೂ ಸವೆದಿದ್ದರೆ ಮೀಟರನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದಾರೆ. ಪೆಡಲಿನ ರಬ್ಬರು, ಸ್ಟೀರಿಂಗಿನ ಹೊಳಪು, ಡ್ರೈವರ್ ಸೀಟಿನ ಬಲಬದಿಯ ಕುಸಿತ, ಇವನ್ನು ತಿರುಗಿಸುವ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ.

ಈಗ ಸೀಟ್ ಬೆಲ್ಟ್. ಈ ಸೀಮೆಯಲ್ಲಿ ಕಾರು ಕೊಳ್ಳುವವರು ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬಾರದು. 2022ರ ಸೆಪ್ಟೆಂಬರ್ ಮೊದಲ ವಾರ ಸುರಿದ ಮಳೆಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ, ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಮನುಷ್ಯರು ಟ್ರ್ಯಾಕ್ಟರ್ ಹತ್ತಿದರು, ಕಾರುಗಳು ಬೇಸ್‌ಮೆಂಟಿನಲ್ಲೇ ಉಳಿದವು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ, 2025ರ ಮೇನಲ್ಲಿ ಹೊರಮಾವಿನ ಸಾಯಿ ಲೇಔಟ್ ಇದೇ ಪಾಠ ಮತ್ತೆ ಓದಿದವು. ಮುಳುಗಿದ ಕಾರೆಲ್ಲ ಗುಜರಿಗೆ ಹೋಗುವುದಿಲ್ಲ. ತೊಳೆದು, ಒಣಗಿಸಿ, ಸೆಂಟು ಹೊಡೆದು ಒಂದಷ್ಟು ಮಾರುಕಟ್ಟೆಗೆ ಮರಳುತ್ತವೆ. ಹಾಗಾಗಿ ಬೆಲ್ಟನ್ನು ಪೂರ್ತಿ, ಇನ್ನು ಬರುವುದಿಲ್ಲ ಎನ್ನುವವರೆಗೆ ಎಳೆಯಿರಿ. ಯಾವಾಗಲೂ ಹೊರಗಿರುವ ಭಾಗವನ್ನು ಎಲ್ಲರೂ ತೊಳೆಯುತ್ತಾರೆ. ಸುರುಳಿಯ ಒಳಗಿರುವ ಕೊನೆಯ ಅರ್ಧ ಗಜವನ್ನು ಯಾರೂ ತೊಳೆಯುವುದಿಲ್ಲ. ಅಲ್ಲಿ ಕೆರೆಯ ಮಣ್ಣಿನ ಬಣ್ಣದ ಅಡ್ಡಗೆರೆಯೊಂದು ಕಂಡರೆ, ಅದರ ಕೆಳಗಿನ ಬಟ್ಟೆ ಬಿರುಸಾಗಿದ್ದರೆ ಬೆಲ್ಟ್ ಬಿಟ್ಟು, ಚಹಾ ಕುಡಿದು, ಮನೆಗೆ ಹೋಗಿ. ಸ್ಟೆಪ್ನಿ ಗುಂಡಿಯಲ್ಲಿ ಸಣ್ಣ ಮರಳು ಕೂತಿದ್ದರೆ ಚಹಾ ಕೂಡ ಬೇಡ. ಎಸಿ ಹಾಕಿದಾಗ ಬರುವ ವಾಸನೆ ಮಲ್ಲಿಗೆಯದು ಮಾತ್ರ ಆಗಿದ್ದರೆ ಅನುಮಾನಪಡಿ, ಮಲ್ಲಿಗೆ ಏನನ್ನೋ ಮುಚ್ಚುತ್ತಿದೆ.

ಚಾಸಿಸ್ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರಗಳು ಮೂಡುತ್ತವೆ. ಆರ್‌ಟಿಓ ಕಡತಕ್ಕೆ ಈ ಪೆನ್ಸಿಲ್ ಅಚ್ಚು ಬೇಕಾಗುತ್ತದೆ, ಆದ್ದರಿಂದ ಮೊದಲ ದಿನವೇ ತೆಗೆದುಕೊಳ್ಳಿ. ಕೃತಕ ಬುದ್ಧಿಯ ಆಫೀಸುಗಳ ನೆರಳಿನಲ್ಲಿ ನೆಲಕ್ಕೆ ಮಂಡಿಯೂರಿ ಪೆನ್ಸಿಲ್ ಉಜ್ಜುವ ಸುಖ ಈ ಊರಿನಲ್ಲಿ ಬೇರೆಲ್ಲೂ ಸಿಗದು. ಅಚ್ಚಿನಲ್ಲಿ ಮೂಡಿದ್ದು ಆರ್‌ಸಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಮಾಲೀಕರ ಹೆಸರಿನ ಅರ್ಧ ನಕ್ಷತ್ರಗಳ ಹಿಂದೆ ಅಡಗಿರುತ್ತದೆ. ಉಳಿದರ್ಧ ನಿಮ್ಮೆದುರು ನಿಂತವರ ಆಧಾರಿಗೆ ಹೊಂದಿದರೆ ಸಾಕು.

ಪೊಟ್ಟಣದೊಳಗೆ ಏನೇನಿರಬೇಕು

ಆರ್‌ಸಿ, ಚಾಲ್ತಿಯ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಎರಡು ಕೀ. ಎರಡನೇ ಕೀ ಯಾವಾಗಲೂ ಊರಲ್ಲಿರುತ್ತದೆ. ಊರಿನಿಂದ ಕೊರಿಯರ್ ಬರುವವರೆಗೆ ಒಂದಿಷ್ಟು ಹಣ ಹಿಡಿದಿಟ್ಟುಕೊಂಡರೆ ಕೀ ಅದೇ ಸಂಜೆ ಅಡುಗೆಮನೆಯ ಡಬ್ಬದಲ್ಲಿ ಸಿಗುತ್ತದೆ.

ಫಾರಂ 29 ಎಂದರೆ ಮಾರಿದವರು ‘ಮಾರಿದೆ’ ಎಂದು ಹೇಳುವುದು, ಎರಡು ಪ್ರತಿ. ಫಾರಂ 30 ಎಂದರೆ ಕೊಂಡವರು ‘ಕೊಂಡೆ, ನನ್ನ ಹೆಸರಿಗೆ ಮಾಡಿ’ ಎನ್ನುವುದು. ಮಾರಿದವರಿಗೆ 14 ದಿನ, ಕೊಂಡವರಿಗೆ 30 ದಿನ. 50ನೇ ಕಲಂ ಕೊಟ್ಟ ಗಡುವು ಇದು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ, ಅಂದರೆ ‘ಎಚ್‌ಪಿ’ ಇದ್ದರೆ, ಸಾಲ ತೀರಿದ ಪತ್ರ ಮತ್ತು ಫಾರಂ 35 ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು. ‘ಲೋನ್ ಕ್ಲೋಸ್ ಆಗಿದೆ, ಎಚ್‌ಪಿ ಕ್ಯಾನ್ಸಲ್ ಒಂದೇ ಬಾಕಿ’ ಎಂಬುದು ‘ಮದುವೆ ಆಗಿದೆ, ತಾಳಿ ಒಂದೇ ಬಾಕಿ’ ಎಂದ ಹಾಗೆ. ಮಾರುವವರು 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಆದಾಯ ತೆರಿಗೆ ಕಾಯ್ದೆ ಬಿಡುವುದಿಲ್ಲ. ಬ್ಯಾಂಕ್ ಮೂಲಕವೇ ಕೊಡಿ, ಸಾಕ್ಷಿಯೂ ಉಳಿಯುತ್ತದೆ.

ಬ್ರೋಕರ್‌ಗಳಿಗೆ ಪ್ರಿಯವಾದ ಒಂದು ಪದ್ಧತಿಯಿದೆ: ಮಾರಿದವರಿಂದ ಖಾಲಿ ಫಾರಂ ಮೇಲೆ ಸಹಿ ಹಾಕಿಸಿಕೊಂಡು, ಕೊಳ್ಳುವ ಜಾಗವನ್ನು ಹಾಗೇ ಬಿಡುವುದು. ಅದೇ ಹಾಳೆಯ ಮೇಲೆ ಗಾಡಿ ಕೈಯಿಂದ ಕೈಗೆ ಸಾಗುತ್ತದೆ, ದಾಖಲೆಯಲ್ಲಿ ಮೊದಲಿನವರೇ ಮಾಲೀಕರು. ಇಂಥದೊಂದು ಕಾರು ಹಲವು ಕೈ ದಾಟಿದ ಮೇಲೆ 2009ರಲ್ಲಿ ಅಪಘಾತವಾಗಿ, ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಯಾರ ಹೆಸರು ನೋಂದಣಿಯಲ್ಲಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು 2018ರ ಫೆಬ್ರವರಿಯಲ್ಲಿ ಕೋರ್ಟು ಹೇಳಿತು. ಮಾರುವವರು ಹೆಸರು ಬದಲಾವಣೆಗೆ ಅವಸರ ಮಾಡಿದರೆ ಬೇಸರಪಡಬೇಡಿ, ಅವರು ಜಾಣರು. ಅವಸರವನ್ನೇ ಮಾಡದವರನ್ನು ಕಂಡರೆ ನೀವು ಜಾಣರಾಗಿ. ಹಳೇ ಗಾಡಿಯ ಅಂಗಡಿಗಳಿಂದ ಕೊಳ್ಳುವವರಿಗೆ 2023ರ ಏಪ್ರಿಲ್ 1ರಿಂದ ಒಂದು ಅನುಕೂಲವಿದೆ: ಅಧಿಕೃತ ಡೀಲರ್ ಗಾಡಿ ಪಡೆದದ್ದನ್ನು ಪೋರ್ಟಲಿನಲ್ಲಿ ತಿಳಿಸಬೇಕು, ಅಲ್ಲಿಂದ ಹೊಣೆ ಅವರದು. ಅಧಿಕಾರ ಪತ್ರ ತೋರಿಸಿ ಎಂದು ಕೇಳಿ. ಗೋಡೆಯ ಮೇಲೆ ವೆಂಕಟೇಶ್ವರನ ಫೋಟೋ ಇದ್ದರೆ ಸಾಲದು.

ಇನ್ಶೂರೆನ್ಸ್ ವಿಷಯದಲ್ಲಿ ಬಹಳ ಜನ ಅರ್ಧ ಸತ್ಯ ನಂಬಿರುತ್ತಾರೆ. ಗಾಡಿ ಮಾರಿದಾಗ ಥರ್ಡ್ ಪಾರ್ಟಿ ವಿಮೆ ಕೊಂಡವರಿಗೆ ತಾನಾಗಿ ವರ್ಗವಾಯಿತೆಂದೇ 157ನೇ ಕಲಂ ಭಾವಿಸುತ್ತದೆ. ನೀವು ಗುದ್ದಿದ ಎದುರಿನವರಿಗೆ ಪರಿಹಾರ ಸಿಗುತ್ತದೆ. ನಿಮ್ಮ ಬಂಪರಿಗೆ ಸಿಗುವುದಿಲ್ಲ. ಅದಕ್ಕೆ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಬೇಕು. ನೋ ಕ್ಲೇಮ್ ಬೋನಸ್ ಮಾರಿದವರ ಜೊತೆ ಹೋಗುತ್ತದೆ, ಅದು ಅವರ ಪುಣ್ಯ. ವಿಮೆಯೇ ಇಲ್ಲದ ಗಾಡಿಯನ್ನು ರಸ್ತೆಗಿಳಿಸಿದರೆ ಮೊದಲ ಸಲಕ್ಕೇ 2,000 ರೂಪಾಯಿ ದಂಡ ಇಲ್ಲವೇ ಜೈಲು. ‘ಪಕ್ಕದ ರಸ್ತೆಯೇ ಅಲ್ವಾ, ನಾಳೆ ಮಾಡಿಸೋಣ’ ಎನ್ನುವವರ ಅಪಘಾತ ಆ ಪಕ್ಕದ ರಸ್ತೆಯಲ್ಲೇ ಆಗುವುದು.

ಕೊನೆಗೆ ಡೆಲಿವರಿ ನೋಟ್. ಒಂದು ಹಾಳೆಯಲ್ಲಿ ಹೀಗೆ ಬರೆದರೆ ಸಾಕು: ‘ಈ ನಂಬರಿನ ಗಾಡಿಯನ್ನು ಇಂಥ ತಾರೀಕು, ಬೆಳಗ್ಗೆ 8 ಗಂಟೆ 40 ನಿಮಿಷಕ್ಕೆ, ಮೀಟರ್ 41,306 ಇದ್ದಾಗ ಒಪ್ಪಿಸಿದ್ದೇನೆ. ಇಲ್ಲಿಯವರೆಗಿನ ದಂಡ, ಕೇಸು ನನ್ನದು. ಇಲ್ಲಿಂದ ಮುಂದಿನದು ಅವರದು.’ ಇಬ್ಬರ ಸಹಿ, ಸಾಕ್ಷಿ ಸಹಿ. ನಿಮಿಷ ಏಕೆ ಬರೆಯಬೇಕು ಎಂದರೆ 8.35ಕ್ಕೆ ಯಾವುದೋ ಸಿಗ್ನಲಿನ ಕ್ಯಾಮೆರಾ ಇದೇ ಗಾಡಿಯ ಫೋಟೋ ತೆಗೆದಿರಬಹುದು. ಬಾಕಿ ದಂಡ ಎಷ್ಟಿದೆಯೆಂದು ಮೊದಲೇ ನೋಡಿ ತೀರಿಸಿಕೊಳ್ಳಿ. 2023ರ ಫೆಬ್ರವರಿಯಲ್ಲಿ, ಮತ್ತೆ 2025ರಲ್ಲಿ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಾಗ ಜನ ದಂಡ ಕಟ್ಟಲು ಸಾಲು ನಿಂತಿದ್ದರು. ಇನ್ನೊಂದು ರಿಯಾಯಿತಿ ಬರುತ್ತದೆಂದು ಕಾಯುವ ಮಾಲೀಕರ ಗಾಡಿಯೇ ನಿಮಗೆ ಸಿಕ್ಕಿರುವುದೂ ಸಾಧ್ಯ.

ಮುಹೂರ್ತ

ಶನಿವಾರ ಮನೆಗೆ ಕಬ್ಬಿಣ ತರಬಾರದು, ಹಿರಿಯರ ಮಾತು. ಸೋಮವಾರದಿಂದ ಶುಕ್ರವಾರದವರೆಗೆ ಔಟರ್ ರಿಂಗ್ ರೋಡಿಗೆ ಏನನ್ನೂ ತರಬಾರದು, ಅದು ನಮ್ಮ ಮಾತು. ಉಳಿದದ್ದು ಭಾನುವಾರ. ಅಂದು ರಾಹುಕಾಲ ಸಂಜೆ 4.30ರಿಂದ 6, ಮಾಲುಗಳಿಂದ ಜನ ಹೊರಬೀಳುವ ಹೊತ್ತೂ ಅದೇ, ಪಂಚಾಂಗದವರಿಗೆ ವೈಟ್‌ಫೀಲ್ಡ್ ಮೊದಲೇ ಗೊತ್ತಿತ್ತೇನೋ. ಬೆಳಗ್ಗೆ ಹೊರಡಿ. ಬ್ಯಾಂಕು, ಆರ್‌ಟಿಓ ಎರಡೂ ಮುಚ್ಚಿರುತ್ತವಾದ್ದರಿಂದ ಕಾಗದದ ಕೆಲಸ ಶುಕ್ರವಾರಕ್ಕೇ ಮುಗಿದಿರಬೇಕು.

ಪೂಜೆ ನಿಮ್ಮಿಷ್ಟ. ಮೈಸೂರು ರಸ್ತೆಯ ಗಾಳಿ ಆಂಜನೇಯನಿಗೇ ಹರಕೆಯಿದ್ದರೆ ಪೂರ್ವದಿಂದ ಪಶ್ಚಿಮಕ್ಕೆ ಊರನ್ನೇ ಸೀಳಿಕೊಂಡು ಹೋಗಬೇಕು. ಮನೆ ಹತ್ತಿರದ ಮುನೇಶ್ವರನೂ ಕೈಬಿಡುವವನಲ್ಲ. ಚಕ್ರದಡಿಯ ನಾಲ್ಕು ನಿಂಬೆಹಣ್ಣಿಗೆ ಆಕ್ಷೇಪವಿಲ್ಲ. ಕುಂಬಳಕಾಯಿ ಒಡೆದರೆ ತಿರುಳನ್ನು ಬದಿಗೆ ಗುಡಿಸಿ, ಹಿಂದಿನಿಂದ ಬರುವ ಬೈಕಿನವನಿಗೂ ಹೆಂಡತಿ ಮಕ್ಕಳಿದ್ದಾರೆ.

ಚಾಲನೆ

ಉದಾಹರಣೆಗೆ ಹೋಪ್ ಫಾರ್ಮ್‌ನಿಂದ ಪೀಣ್ಯಕ್ಕೆ, ಮೂವತ್ತು ಕಿಲೋಮೀಟರಿಗೆ ಮೇಲೆ. ಲೈಸೆನ್ಸ್ ಯಾರಿಗಿದೆಯೋ ಅವರು ಓಡಿಸತಕ್ಕದ್ದು. ದುಡ್ಡು ಕೊಟ್ಟವರು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತ ಬರಬಹುದು. ಬೈಕಾದರೆ ಹೆಲ್ಮೆಟ್ ಎರಡು, 2016ರಿಂದ ಹಿಂದೆ ಕೂತವರಿಗೂ ಕಡ್ಡಾಯ. ಆರ್‌ಸಿ, ವಿಮೆ ಡಿಜಿಲಾಕರಿನಲ್ಲಿದ್ದರೆ ಪೊಲೀಸರು ಒಪ್ಪುತ್ತಾರೆ, ಆದರೆ ಡಿಜಿಲಾಕರ್ ಇರುವುದು ಮಾರಿದವರ ಫೋನಿನಲ್ಲಿ. ಹಾಗಾಗಿ ಅಸಲು ಪ್ರತಿಗಳನ್ನೂ ಡೆಲಿವರಿ ನೋಟನ್ನೂ ಡ್ಯಾಶ್‌ಬೋರ್ಡಿನಲ್ಲಿಡಿ.

ಮೊದಲ ಬ್ರೇಕ್ ಪರೀಕ್ಷೆ ಬೇಸ್‌ಮೆಂಟಿನ ಇಳಿಜಾರಿನಲ್ಲಿ, ಮೊದಲ ನಿಲುಗಡೆ ಪೆಟ್ರೋಲ್ ಬಂಕಿನಲ್ಲಿ. ಮಾರುವವರು ಟ್ಯಾಂಕಿನಲ್ಲಿ ಬಂಕಿಗೆ ತಲುಪುವಷ್ಟನ್ನು ಮಾತ್ರ ಬಿಟ್ಟಿರುತ್ತಾರೆ, ಕೆಲವರು ಅಷ್ಟನ್ನೂ ಅಲ್ಲ. ಗಾಳಿ ಹಿಡಿಸಿ. ಟಿನ್ ಫ್ಯಾಕ್ಟರಿಯ ಹತ್ತಿರ ಮೆಟ್ರೋ ಕಂಬಗಳ ನಡುವೆ, ಹಿಂದೆ ಬಿಎಂಟಿಸಿ ಬಸ್ಸು ಉಸಿರು ಬಿಡುತ್ತಿರುವಾಗ, ಈ ಗಾಡಿಯ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದು ನಿಮಗೆ ಗೊತ್ತಾಗುತ್ತದೆ. ಆಫ್ ಆದರೆ ನಾಚಿಕೆ ಬೇಡ, ಇಂಡಿಕೇಟರ್ ಹಾಕಿ, ಇನ್ನೊಮ್ಮೆ ಸ್ಟಾರ್ಟ್ ಮಾಡಿ. ದಾರಿ ತೋರಿಸಲೆಂದು ಕಾರಿನ ಪರದೆಯಲ್ಲಿ ‘ಮನೆ’ ಒತ್ತಬೇಡಿ. ಅದು ನಿಮ್ಮನ್ನು ಎಲ್ಲಿಂದ ಹೊರಟಿರೋ ಅದೇ ಅಪಾರ್ಟ್‌ಮೆಂಟಿನ ಗೇಟಿಗೆ ನಿಷ್ಠೆಯಿಂದ ಕರೆದೊಯ್ಯುತ್ತದೆ. ಹಿಂದಿನವರ ವಿಳಾಸ, ಫೋನ್ ಪಟ್ಟಿ, ಬ್ಲೂಟೂತ್ ಎಲ್ಲವನ್ನೂ ಅಳಿಸುವುದು ಸಭ್ಯತೆ.

ಹೆಬ್ಬಾಳ, ಬಿಇಎಲ್ ಸರ್ಕಲ್ ದಾಟಿ ಗೊರಗುಂಟೆಪಾಳ್ಯಕ್ಕೆ ಬಂದಾಗ ಎದುರಿಗೆ ಪೀಣ್ಯ ಫ್ಲೈಓವರ್. ಕೇಬಲಿನ ದೋಷದಿಂದ 2021ರ ಡಿಸೆಂಬರ್‌ನಲ್ಲಿ ಮುಚ್ಚಿ, 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಬಿಟ್ಟು, ಭಾರೀ ವಾಹನಗಳಿಗೆ 2024ರ ಜುಲೈನಲ್ಲಿ, ಅದೂ ಶುಕ್ರವಾರ ರಜೆಯೆಂಬ ಷರತ್ತಿನ ಮೇಲೆ ತೆರೆದದ್ದು. ಅದರ ಮೇಲೆ ಹೋಗುವಾಗ ನಿಮ್ಮ ಗಾಡಿಯ ಟಿಂಕರಿಂಗ್ ಬಗ್ಗೆ ಕೀಳರಿಮೆ ತಾನಾಗಿ ಕರಗುತ್ತದೆ.

ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವವರಿಗೆ ಒಂದು ಮಾತು ಹೆಚ್ಚು. 2010ರಲ್ಲಿ ತೆರೆದ ಎತ್ತರಿಸಿದ ರಸ್ತೆಯಲ್ಲಿ ಟೋಲ್ ಇದೆ, ಗಾಜಿನ ಮೇಲಿನ ಫಾಸ್ಟ್ಯಾಗ್ ಇನ್ನೂ ಮಾರಿದವರದು. ದುಡ್ಡು ಅವರ ಖಾತೆಯಿಂದ ಹೋಗುತ್ತದೆ, ನೀವು ಎಷ್ಟು ಗಂಟೆಗೆ ಎಲ್ಲಿ ದಾಟಿದಿರೆಂಬ ಸಂದೇಶ ಅವರಿಗೆ ಬರುತ್ತದೆ. ಹಳೇ ಟ್ಯಾಗನ್ನು ಅವರಿಂದ ಮುಚ್ಚಿಸಿ, ನಿಮ್ಮದನ್ನು ತೆಗೆದುಕೊಳ್ಳಿ. ಒಂದು ಗಾಡಿಗೆ ಒಂದೇ ಟ್ಯಾಗ್ ಎಂಬ ನಿಯಮವಿರುವುದರಿಂದ ಹಳೆಯದು ಹೋಗದೆ ಹೊಸದು ಬರದು.

ಸಮಸ್ಯೆ ಮತ್ತು ಪರಿಹಾರ

ಗಾಡಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಇಲ್ಲ: 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಿಗೂ ಕಡ್ಡಾಯವೆಂದು 2023ರಲ್ಲಿ ಆದೇಶವಾಗಿ, ಮೊದಲ ಗಡುವು ಅದೇ ವರ್ಷದ ನವೆಂಬರ್ 17 ಇತ್ತು. ಗಡುವು ಆಮೇಲೆ ಎಷ್ಟು ಸಲ ಮುಂದೆ ಹೋಯಿತೆಂದರೆ ಮಾರಿದವರು ಅದನ್ನು ಹಬ್ಬದ ರಜೆ ಎಂದುಕೊಂಡಿದ್ದಾರೆ. ಹಣ ಕೊಡುವ ಮೊದಲೇ ಅವರ ಕೈಯಲ್ಲೇ ಹಾಕಿಸಿ.

ಪಕ್ಕದ ಮನೆಯವರು ‘ಎಷ್ಟಕ್ಕೆ ಬಿತ್ತು?’ ಎಂದು ಕೇಳಿದರು: ಎಷ್ಟು ಹೇಳಿದರೂ ಅವರ ಭಾವಮೈದ ಅದಕ್ಕಿಂತ 40 ಸಾವಿರ ಕಡಿಮೆಗೆ ಕೊಡಿಸುತ್ತಿದ್ದ. ನಗಬೇಕು.

ದಂಡದ ಎಸ್‌ಎಂಎಸ್ ನಿಮಗೆ ಬರುತ್ತಿಲ್ಲ: ಖುಷಿಪಡಬೇಡಿ. ವಾಹನ್‌ನಲ್ಲಿ ಮೊಬೈಲ್ ನಂಬರ್ ಇನ್ನೂ ಹಳೆಯದೇ ಇದೆ, ಹೆಸರಿನ ಜೊತೆ ಅದನ್ನೂ ಬದಲಿಸಿ.

ಮಾರಿದವರು ತಿಂಗಳುಗಳಾದರೂ ಫೋನ್ ಮಾಡಿ ‘ನಮ್ಮ ಗಾಡಿ ಹೇಗಿದೆ?’ ಎಂದು ಕೇಳುತ್ತಾರೆ: ನಿಮ್ಮ ಹೆಸರಿನ ಹೊಸ ಆರ್‌ಸಿ ಬಂದಿದ್ದರೆ ಅದರ ಫೋಟೋ ಕಳಿಸಿ, ಅವರು ನೆಮ್ಮದಿಯಾಗಿ ಮಲಗುತ್ತಾರೆ. ಇನ್ನೂ ಬಂದಿಲ್ಲದಿದ್ದರೆ ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ, ಚೆನ್ನಾಗಿದೆ ಎಂದು ಹೇಳಿ.